ಹದಿನೈದು ಪೌಂಡಿನ ಬಾಡಿಗೆ, ಮೂರು ಬಗೆಯ ಕೈರೋ

ಕೈರೋದ ಜಮಾಲೆಕ್ ಬಡಾವಣೆಯಲ್ಲಿ ಒಂದು ಹಳೇ ಕಟ್ಟಡ ಅಂದುಕೊಳ್ಳಿ. ಅಂಥವು ಅಲ್ಲಿ ಬೀದಿಗೆ ನಾಲ್ಕು ಸಿಗುತ್ತವೆ. ಎತ್ತರದ ಬಾಗಿಲು, ಕಬ್ಬಿಣದ ಜಾಲರಿ ಗೇಟಿನ ಲಿಫ್ಟು, ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಕಾವಲುಗಾರನ ಸಂಸಾರ. ಮೂರನೇ ಮಹಡಿಯಲ್ಲಿ ಎದುರುಬದುರು ಎರಡು ಮನೆ. ಅಳತೆ ಒಂದೇ, ಬಾಲ್ಕನಿಯೂ ಒಂದೇ ನಮೂನೆ. ಎಡಗಡೆ ಮನೆಯ ಅಜ್ಜಿ ಮೊನ್ನೆ ಮೊನ್ನೆಯವರೆಗೂ ತಿಂಗಳಿಗೆ 15 ಪೌಂಡ್ ಬಾಡಿಗೆ ಕೊಡುತ್ತಿದ್ದರು. ಬಲಗಡೆ ಮನೆಗೆ ಹೊಸದಾಗಿ ಬಂದವರು ಅದರ ಸಾವಿರ ಪಟ್ಟಿಗೂ ಜಾಸ್ತಿ ಕೊಡುತ್ತಾರೆ.

ಈಜಿಪ್ಟಿನ ಒಂದು ಪೌಂಡ್ ನಮ್ಮ 2 ರೂಪಾಯಿಗೂ ಕಮ್ಮಿ. 2024ರ ಆಗಸ್ಟ್‌ನಲ್ಲಿ ಕೈರೋ ಮೆಟ್ರೋದ ಅತಿ ಕಡಿಮೆ ಟಿಕೆಟ್ 8 ಪೌಂಡ್ ಆಯಿತು. ಒಂದು ಸಲ ಹೋಗಿ ಬಂದರೆ 16. ಅಂದರೆ ಅಜ್ಜಿ ತಿಂಗಳಿಡೀ ಮನೆಗೆ ಕೊಡುತ್ತಿದ್ದ ದುಡ್ಡು ಒಂದು ದಿನದ ಮೆಟ್ರೋ ಖರ್ಚಿಗೂ ಸಾಲುತ್ತಿರಲಿಲ್ಲ.

ಅಜ್ಜಿ ನನ್ನ ಕಲ್ಪನೆ. ಬಾಡಿಗೆ ಮಾತ್ರ ನಿಜ. ಇಂಥ ಹಳೇ ಕರಾರಿನ ಮನೆಗಳಲ್ಲಿ ದೇಶದಾದ್ಯಂತ ಸುಮಾರು 16 ಲಕ್ಷ ಕುಟುಂಬಗಳಿವೆ ಅಂತ 2017ರ ಜನಗಣತಿ ಲೆಕ್ಕ ಕೊಟ್ಟಿತ್ತು. ಅರಬ್ಬಿಯಲ್ಲಿ ಇದಕ್ಕೆ ‘ಈಜಾರ್ ಕದೀಮ್’ ಅನ್ನುತ್ತಾರೆ, ಹಳೇ ಬಾಡಿಗೆ ಅಂತಲೇ ಅರ್ಥ. 2025ರ ಆಗಸ್ಟ್‌ನಲ್ಲಿ ಜಾರಿಗೆ ಬಂದ 164ನೇ ನಂಬರಿನ ಕಾಯಿದೆ ಈ ಹಳೇ ಬಾಡಿಗೆಗೆ ಕೊನೆಯ ದಿನ ಗೊತ್ತು ಮಾಡಿದೆ. ವಾಸದ ಮನೆಗಳಿಗೆ 7 ವರ್ಷ, ಅಂಗಡಿ ಮುಂಗಟ್ಟುಗಳಿಗೆ 5 ವರ್ಷ. ಆಮೇಲೆ ಮನೆ ಖಾಲಿ ಮಾಡಬೇಕು, ಇಲ್ಲವೇ ಓನರ್ ಕೇಳಿದ ಹೊಸ ಬಾಡಿಗೆಗೆ ಒಪ್ಪಬೇಕು.

ಈ ಕಾಯಿದೆಯ ಬಗ್ಗೆ ಬಂದ ಸುದ್ದಿಗಳೆಲ್ಲ ಓನರ್ ಮತ್ತು ಬಾಡಿಗೆದಾರರ ಜಗಳದ ಸುತ್ತಲೇ ಸುತ್ತಿದವು. ನನಗೆ ಕುತೂಹಲ ಇರುವುದು ಅದರೊಳಗಿನ ಇನ್ನೊಂದು ಕಲಮಿನ ಬಗ್ಗೆ. ಪ್ರತಿ ಪ್ರಾಂತ್ಯದಲ್ಲೂ ಸಮಿತಿ ಕೂತು ಊರಿನ ಬಡಾವಣೆಗಳನ್ನು ಮೂರು ದರ್ಜೆಗೆ ವಿಂಗಡಿಸಬೇಕು: ವಿಶೇಷ, ಮಧ್ಯಮ, ಸಾಧಾರಣ. ವಿಶೇಷ ದರ್ಜೆಯಲ್ಲಿ ಬಾಡಿಗೆ 20 ಪಟ್ಟು ಏರುತ್ತದೆ, ಕಡೇಪಕ್ಷ 1,000 ಪೌಂಡ್. ಮಧ್ಯಮ ದರ್ಜೆಯಲ್ಲಿ 10 ಪಟ್ಟು, ಕಡೇಪಕ್ಷ 400. ಸಾಧಾರಣದಲ್ಲೂ 10 ಪಟ್ಟು, ಕಡೇಪಕ್ಷ 250. ಅದರ ಮೇಲೆ ವರ್ಷಕ್ಕೆ ಶೇ. 15ರಷ್ಟು ಏರಿಕೆ. ಸಮಿತಿಯ ಕೆಲಸ ಮುಗಿಯುವ ತನಕ ಮನೆ ಬಾಡಿಗೆದಾರರೆಲ್ಲ 250 ಪೌಂಡ್ ಕಟ್ಟುತ್ತಿರಬೇಕು ಅಂತಿತ್ತು.

ಹೀಗೆ ಬೀದಿ ಬೀದಿಗೂ ಅಂಕ ಕೊಡಲು ಹೊರಟಾಗ ಒಂದು ಪ್ರಶ್ನೆ ಏಳುತ್ತದೆ. ಕೈರೋದ ಬಡಾವಣೆಗಳು ಈಗಿರುವ ಹಾಗೆ ಆಗಿದ್ದಾದರೂ ಹೇಗೆ? ಬೆಲೆ ಕಟ್ಟಲಾಗದ ಜಮಾಲೆಕ್, ಉಸಿರಾಡಲು ಜಾಗವಿಲ್ಲದ ಇಂಬಾಬ, ಮರುಭೂಮಿಯಲ್ಲಿ ಖಾಲಿ ಹೊಡೆಯುವ ಹೊಸ ಊರುಗಳು. ಇವು ಮೂರೂ ಬೇರೆ ಬೇರೆ ಲೋಕ ಅನ್ನಿಸುತ್ತದೆ. ಆದರೆ ಮೂರರ ಹಿಂದೆಯೂ ಆ ಹದಿನೈದು ಪೌಂಡಿನ ಬಾಡಿಗೆ ಚೀಟಿಯ ಕೈವಾಡ ಇದೆ. ಕಾರಣ ಅದೊಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಆ ದಾರ ಹಿಡಿದು ಎಳೆದರೆ ಊರಿನ ನಕಾಶೆ ಹೆಚ್ಚುಕಮ್ಮಿ ಬಿಚ್ಚಿಕೊಳ್ಳುತ್ತದೆ.

ಮೊದಲು ಹಳೇ ಕೈರೋ ನಗರದ ಶ್ರೀಮಂತ ಬಡಾವಣೆಗಳ ಕಥೆ. ಇವುಗಳಲ್ಲಿ ಹಲವು 1900ರ ನಂತರದ ಒಂದೇ ದಶಕದಲ್ಲಿ ಹುಟ್ಟಿದವು. ಹತ್ತಿಯ ದುಡ್ಡು ಇತ್ತು, ಯುರೋಪಿನ ಬಂಡವಾಳ ಇತ್ತು, ಬ್ರಿಟಿಷರ ಆಳ್ವಿಕೆ ಇತ್ತು. ದಕ್ಷಿಣಕ್ಕೆ ಹೋಗುವ ರೈಲು ಹಳಿಯ ಪಕ್ಕ ಒಂದು ಕಂಪನಿ ಮಾದಿ ಬಡಾವಣೆ ಮಾಡಿತು. ಅಲ್ಲಿ ಕೈತೋಟ ಹೇಗಿರಬೇಕು ಅನ್ನುವುದಕ್ಕೂ ಕಂಪನಿಯ ರೂಲ್ಸ್ ಇತ್ತು. ನದಿ ಪಕ್ಕ ಗಾರ್ಡನ್ ಸಿಟಿ ಎದ್ದಿತು. ಈಶಾನ್ಯಕ್ಕೆ, ಆಗ ಬರೀ ಮರಳು ಇದ್ದ ಕಡೆ, ಬೆಲ್ಜಿಯಂನ ಬ್ಯಾರನ್ ಎಂಪೇನ್ ಹೆಲಿಯೊಪೊಲಿಸ್ ಕಟ್ಟಿಸಿದ. ಎಂಪೇನ್ ಮೂಲತಃ ಟ್ರಾಮ್ ವ್ಯಾಪಾರಿ. ಮೊದಲು ಟ್ರಾಮ್ ಹಳಿ ಹಾಕಿ ಆಮೇಲೆ ಸೈಟು ಮಾರುವುದು ಅವನ ಲೆಕ್ಕಾಚಾರ. ತನಗೆಂದು ಅವನು ಕಟ್ಟಿಸಿಕೊಂಡ ಬಂಗಲೆ ನೋಡಿದರೆ ನಮ್ಮವರು ಒಂದು ಗಳಿಗೆ ನಿಂತುಬಿಡುತ್ತಾರೆ. ಕಾಂಬೋಡಿಯದ ಅಂಕೋರ್ ವಾಟ್ ಮತ್ತು ಒಡಿಶಾದ ದೇವಸ್ಥಾನಗಳ ಮಾದರಿಯಲ್ಲಿ ಅದಕ್ಕೊಂದು ಗೋಪುರ, ಗೋಡೆ ತುಂಬ ಆನೆ, ನಾಗ, ದೇವತೆಗಳು. ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ದಾರಿಯಲ್ಲೇ ಸಿಗುತ್ತದೆ. ವರ್ಷಗಟ್ಟಲೆ ಬೀಗ ಹಾಕಿತ್ತು, 2020ರಲ್ಲಿ ರಿಪೇರಿ ಮಾಡಿ ಜನರಿಗೆ ತೆರೆದರು.

ಆಮೇಲೆ ಯುದ್ಧ ಬಂತು. 1941ರಲ್ಲಿ ಯುದ್ಧಕಾಲದ ಆದೇಶ ಹೊರಡಿಸಿ ಬಾಡಿಗೆ ಏರಿಸದಂತೆ ತಡೆದರು. ಯುದ್ಧ ಮುಗಿದರೂ ತಡೆ ಮುಗಿಯಲಿಲ್ಲ. 1952ರ ನಂತರ ಬಂದ ನಾಸೆರ್ ಸರ್ಕಾರ ಬಾಡಿಗೆಯನ್ನು ಒಂದಲ್ಲ, ಹಲವು ಸಲ ಇಳಿಸಿತು. ಕರಾರಿಗೆ ಕೊನೆಯಿಲ್ಲ, ಅಪ್ಪ ತೀರಿಕೊಂಡರೆ ಮಗನಿಗೆ ಅದೇ ಬಾಡಿಗೆ ಬರುತ್ತದೆ ಅಂತಲೂ ಆಯಿತು. ಬಡ ಸಂಬಳದಾರರಿಗೆ ಇದು ದೊಡ್ಡ ಆಸರೆ. ಅದನ್ನು ಅಲ್ಲಗಳೆಯಲು ಆಗುವುದಿಲ್ಲ. ಆದರೆ ಪೌಂಡಿನ ಬೆಲೆ ಕುಸಿಯುತ್ತಾ ಹೋಯಿತು, ಬಾಡಿಗೆ ಇದ್ದಲ್ಲೇ ನಿಂತಿತು. ಹತ್ತು ಮನೆಯ ಬಾಡಿಗೆ ಕೂಡಿಸಿದರೂ ಓನರಿಗೆ ಲಿಫ್ಟ್ ರಿಪೇರಿ ಮಾಡಿಸಲು ಆಗದ ಸ್ಥಿತಿ ಬಂತು. ಹಾಗಾಗಿ ಅವರು ರಿಪೇರಿ ಮಾಡಿಸಲಿಲ್ಲ. ಡೌನ್‌ಟೌನ್‌ನ ಸುಂದರ ಕಟ್ಟಡಗಳು ಯಾಕೆ ಮಸಿ ಬಳಿದ ಹಾಗಿವೆ ಅಂತ ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಮುಂಬೈಯ ಹಳೇ ಚಾಳುಗಳಲ್ಲಿ, ಪಗಡಿ ಮನೆಗಳಲ್ಲಿ ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಕೈರೋದಲ್ಲೂ ಪಗಡಿಯಂಥದ್ದೇ ಒಂದು ಪದ್ಧತಿ ಇತ್ತು. ಹೆಸರು ‘ಖಿಲೂ ರಿಗ್ಲ್’, ಕಾಲು ತೆಗೆಯುವುದಕ್ಕೆ ಕೊಡುವ ದುಡ್ಡು ಅನ್ನಬಹುದು. ಬಾಡಿಗೆ ಪುಡಿಗಾಸು, ಆದರೆ ಒಳಗೆ ಕಾಲಿಡಬೇಕಾದರೆ ಮೊದಲೇ ದೊಡ್ಡ ಗಂಟು ಕೊಡಬೇಕು.

ಇದರಿಂದ ಆದ ಅಸಲಿ ಪೆಟ್ಟು ಹಳೇ ಕಟ್ಟಡಗಳಿಗಲ್ಲ, ಕಟ್ಟದೇ ಹೋದ ಮನೆಗಳಿಗೆ. ಬಾಡಿಗೆಗೆ ಅಂತ ಮನೆ ಕಟ್ಟುವುದು ಲಾಭದ ಕೆಲಸವಾಗಿ ಉಳಿಯಲಿಲ್ಲ. ಸರ್ಕಾರ ತಾನೇ ಕಟ್ಟುತ್ತೇನೆ ಅಂತ ಹೊರಟಿತು. ಇಂಬಾಬದಲ್ಲಿ ಕಾರ್ಮಿಕರ ಕಾಲೋನಿ, ಪೂರ್ವಕ್ಕೆ ನಸ್ರ್ ಸಿಟಿ, ನದಿಯ ಪಶ್ಚಿಮ ದಂಡೆಯಲ್ಲಿ ವೃತ್ತಿಗೊಂದು ಬಡಾವಣೆ. ಎಂಜಿನಿಯರುಗಳಿಗೆ ಕೊಟ್ಟಿದ್ದು ಮೊಹಂದಿಸೀನ್, ಪತ್ರಕರ್ತರಿಗೆ ಸಹಫಿಯೀನ್. ಆದರೆ 1967ರಲ್ಲಿ ಇಸ್ರೇಲ್ ಎದುರು ಯುದ್ಧ ಸೋತ ನಂತರ ದುಡ್ಡೆಲ್ಲ ಸೈನ್ಯದ ಕಡೆ ಹರಿಯಿತು. ಹಳ್ಳಿಯಿಂದ ಜನ ಬರುವುದು ಮಾತ್ರ ನಿಲ್ಲಲಿಲ್ಲ. ಒಳ ಊರಿನಲ್ಲಿ ಹಳೇ ಬಾಡಿಗೆಯವರು ಮನೆ ಬಿಡುತ್ತಿಲ್ಲ, ಹೊಸ ಬಾಡಿಗೆ ಮನೆ ಇಲ್ಲ, ಸರ್ಕಾರಿ ಮನೆ ಸಾಲುತ್ತಿಲ್ಲ. ಹಾಗಾದರೆ ಎಲ್ಲಿಗೆ ಹೋಗಬೇಕು?

ಹೊಲಕ್ಕೆ ಹೋದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಕೈರೋ ಅಂದರೆ ನಿಜಕ್ಕೂ ಏನು ಅನ್ನುವುದು ಇಲ್ಲೇ ಇರುವುದು. ಕೈರೋ, ಗಿಜಾ ಮತ್ತು ಉತ್ತರದ ಕಲ್ಯೂಬಿಯಾದ ಪಟ್ಟಣ ಭಾಗ ಸೇರಿದರೆ 2 ಕೋಟಿಗೂ ಜಾಸ್ತಿ ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇರುವುದು ಯಾವ ನಕ್ಷೆಯೂ ಮಂಜೂರಾಗದ ಬಡಾವಣೆಗಳಲ್ಲಿ. ಇಂಬಾಬ, ಬೂಲಾಕ್ ಎದ್-ದಕ್ರೂರ್, ದಾರ್ ಎಸ್-ಸಲಾಮ್, ಅರ್ದ್ ಎಲ್-ಲಿವಾ, ಹೀಗೆ. ಅಧಿಕಾರಿಗಳೂ ಪತ್ರಿಕೆಗಳೂ ಇವಕ್ಕೆ ‘ಅಶ್ವಾಇಯ್ಯಾತ್’ ಅನ್ನುತ್ತವೆ. ಮನಸ್ಸಿಗೆ ಬಂದ ಹಾಗೆ ಬೆಳೆದವು ಅಂತ ಅರ್ಥ. ಅಲ್ಲಿ ಇರುವವರು ಈ ಮಾತು ಆಡುವುದು ಕಮ್ಮಿ. ಅವರಿಗೆ ಅದು ‘ನಮ್ಮ ಹಾರಾ’, ನಮ್ಮ ಓಣಿ.

ಮನಸ್ಸಿಗೆ ಬಂದ ಹಾಗೆ ಅನ್ನುವುದು ತಪ್ಪು ಮಾತು. ಮೇಲಿನಿಂದ ತೆಗೆದ ಫೋಟೋ ನೋಡಿ. ಓಣಿಗಳು ಗೆರೆ ಎಳೆದ ಹಾಗೆ ನೆಟ್ಟಗಿವೆ, ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲಿನ ಹಾಗೆ. ಯಾಕೆಂದರೆ ಅದು ಹೊಲದ ನಕ್ಷೆ. ನೈಲ್ ಬಯಲಿನ ಗದ್ದೆಗಳು ಉದ್ದಕ್ಕೆ ಪಟ್ಟಿ ಪಟ್ಟಿಯಾಗಿದ್ದವು. ಪ್ರತಿ ಪಟ್ಟಿಯ ತುದಿಗೂ ಕಾಲುವೆಯ ನೀರು ಬರಬೇಕಲ್ಲ, ಅದಕ್ಕೇ ಆ ಆಕಾರ. ರೈತ ಒಂದು ಪಟ್ಟಿ ಮಾರಿದ. ನಡುವೆ ಎರಡು ಮೂರು ಮೀಟರ್ ದಾರಿ ಬಿಟ್ಟು ಎರಡೂ ಕಡೆ ಸೈಟು ಮಾಡಿದರು. ಬದು ಓಣಿಯಾಯಿತು. ಕಾಲುವೆ ಮುಚ್ಚಿ ದೊಡ್ಡ ರಸ್ತೆ ಮಾಡಿದರು. ಅಲ್ಲಿ ಜಮೀನಿನ ಅಳತೆ ಫೆದ್ದಾನ್, ಅದು ನಮ್ಮ ಒಂದು ಎಕರೆಗಿಂತ ಚೂರು ಜಾಸ್ತಿ. ಒಂದು ಫೆದ್ದಾನಿಗೆ 24 ಕಿರಾತ್. ಅಂದರೆ ಒಂದು ಕಿರಾತ್ ಸುಮಾರು ಒಂದೂ ಮುಕ್ಕಾಲು ಗುಂಟೆ. ಅರ್ಧ ಕಿರಾತ್ ಕೊಂಡರೆ ಒಂದು ಮನೆಗೆ ಧಾರಾಳವಾಯಿತು. ಬೆಂಗಳೂರಿನ ಸುತ್ತ ರೆವಿನ್ಯೂ ಸೈಟ್ ಕೊಂಡವರಿಗೆ ಈ ವ್ಯಾಪಾರ ಚೆನ್ನಾಗಿ ಅರ್ಥವಾಗುತ್ತದೆ. ಜಮೀನಿಗೆ ದುಡ್ಡು ಕೊಟ್ಟಿದ್ದಾರೆ, ಪತ್ರ ಇದೆ, ಕಬಳಿಸಿದ್ದಲ್ಲ. ಕೃಷಿ ಭೂಮಿಯಲ್ಲಿ ಮನೆ ಕಟ್ಟಬಾರದು ಅನ್ನುವ ಕಾನೂನು ಮುರಿದಿದ್ದಾರೆ ಅಷ್ಟೇ.

ಕಟ್ಟುವುದಕ್ಕೆ ದುಡ್ಡು ಎಲ್ಲಿಂದ? 1973ರ ನಂತರ ಕೊಲ್ಲಿ ದೇಶಗಳಲ್ಲಿ ತೈಲದ ದುಡ್ಡು ಹರಿಯಿತು. ಲಕ್ಷಾಂತರ ಈಜಿಪ್ಟಿನವರು ಸೌದಿ, ಲಿಬಿಯಾ, ಇರಾಕ್‌ಗೆ ದುಡಿಯಲು ಹೋದರು. ಅಲ್ಲಿಂದ ತಂದ ದುಡ್ಡು ಇಟ್ಟಿಗೆಯಾಯಿತು. ಕಾಂಕ್ರೀಟ್ ಕಂಬ, ತೊಲೆ, ನಡುವೆ ಕೆಂಪು ಇಟ್ಟಿಗೆ. ಹೊರಗೆ ಗಾರೆ ಮಾಡಿಸುವ ಗೋಜಿಗೆ ಹೋಗುವುದಿಲ್ಲ. ಕೆಳಗೆ ಒಂದು ಅಂಗಡಿಯೋ ವರ್ಕ್‌ಶಾಪೋ. ಮೊದಲ ಮಹಡಿ ತಮಗೆ. ದುಡ್ಡು ಕೂಡಿದಾಗ ಇನ್ನೊಂದು ಮಹಡಿ, ದೊಡ್ಡ ಮಗನ ಮದುವೆಗೆ. ಆಮೇಲೆ ಇನ್ನೊಂದು, ಚಿಕ್ಕವನಿಗೆ. ಛಾವಣಿಯ ಮೇಲೆ ಕಂಬಿಗಳು ಹಾಗೇ ಆಕಾಶಕ್ಕೆ ಚಾಚಿಕೊಂಡಿರುತ್ತವೆ. ಮುಂದಿನ ಮಹಡಿಗೆ ಅವು ಬೇಕು. ಕಟ್ಟಡದ ಒಳಗೆ ಹೋದರೆ ಹೊರಗಿನ ಒರಟುತನ ಇರುವುದಿಲ್ಲ. ನೆಲಕ್ಕೆ ಟೈಲ್ಸ್, ಗೋಡೆಗೆ ಬಣ್ಣ, ಹಾಲ್‌ನಲ್ಲಿ ಝರಿ ಅಂಚಿನ ಸೋಫಾ.

2019ರ ಆರಂಭದಲ್ಲಿ ಸರ್ಕಾರ ಒಂದು ಅಪ್ಪಣೆ ಹೊರಡಿಸಿತು. ಈ ಕೆಂಪು ಇಟ್ಟಿಗೆ ನೋಡಲು ಚೆನ್ನಾಗಿಲ್ಲ, ಎಲ್ಲರೂ ಹೊರಗೋಡೆಗೆ ಬಣ್ಣ ಹೊಡೆಸಿ ಅಂತ. ಸುಮ್ನೆ ನಗಬೇಡಿ. ಊರಿನ ಸಮಸ್ಯೆ ಎಲ್ಲಿದೆ ಅಂತ ಮೇಲಿನವರು ಅಂದುಕೊಂಡಿದ್ದಾರೆ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನನಗೆ ಸಿಕ್ಕಿಲ್ಲ. ಅದೇ ವರ್ಷ ಇನ್ನೊಂದು ಕಾಯಿದೆಯೂ ಬಂತು. ಅಕ್ರಮವಾಗಿ ಕಟ್ಟಿದವರು ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದು. ಅರಬ್ಬಿಯಲ್ಲಿ ಇದರ ಹೆಸರು ‘ತಸಾಲುಹ್’, ರಾಜಿ. ದಂಡದ ಮೊತ್ತ ನೋಡಿ ಜನ 2020ರ ಸೆಪ್ಟೆಂಬರ್‌ನಲ್ಲಿ ಬೀದಿಗೆ ಬಂದರು. 2023ರಲ್ಲಿ ಆ ಕಾಯಿದೆ ಬದಲಿಸಿ ಹೊಸದು ತಂದರು.

ಇವೆಲ್ಲ ಸೇರಿ ಎಲ್ಲ ಅಕ್ರಮ ಬಡಾವಣೆಯೂ ಒಂದೇ ಅನ್ನಿಸಿದರೆ ಅದು ನನ್ನ ಬರವಣಿಗೆಯ ದೋಷ. ಹೊಲದ ಮೇಲೆ ಎದ್ದ ಇಂಬಾಬ ಬೇರೆ, ಮುಕತ್ತಮ್ ಬೆಟ್ಟದ ಬುಡದ ಮನ್ಶಿಯತ್ ನಾಸೆರ್ ಬೇರೆ. ಮನ್ಶಿಯತ್ ನಾಸೆರ್ ಇರುವುದು ಸರ್ಕಾರಿ ಜಾಗದಲ್ಲಿ, ಕಲ್ಲುಗಣಿಯ ಪಕ್ಕ. ಕೈರೋದ ಕಸ ಎತ್ತುವ ಜಬ್ಬಾಲೀನ್ ಜನ ಇರುವುದು ಅಲ್ಲೇ. ಮನೆ ಮನೆಯಿಂದ ತಂದ ಕಸವನ್ನು ಅಲ್ಲಿ ಕೈಯಲ್ಲೇ ಬೇರೆ ಮಾಡಿ, ಪ್ಲಾಸ್ಟಿಕ್, ರಟ್ಟು, ಲೋಹ ಮಾರುತ್ತಾರೆ. ಅದೇ ಬೆಟ್ಟದ ಅಂಚಿನ ದುವೈಕಾದಲ್ಲಿ 2008ರ ಸೆಪ್ಟೆಂಬರ್‌ನಲ್ಲಿ ಬಂಡೆ ಕಳಚಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸರ್ಕಾರ ಒಂದು ಪ್ರತ್ಯೇಕ ಸಂಸ್ಥೆ ಮಾಡಿ, ‘ಅಪಾಯದ ಜಾಗ’ ಮತ್ತು ‘ಯೋಜನೆ ಇಲ್ಲದ ಜಾಗ’ ಅಂತ ಎರಡು ಪಟ್ಟಿ ಮಾಡಿತು. ನನ್ನ ಮಟ್ಟಿಗೆ ಅದು ಒಳ್ಳೆಯ ವಿಂಗಡಣೆ. ಬಂಡೆಯ ಕೆಳಗಿನ ಮನೆಯನ್ನೂ ಗಟ್ಟಿಯಾಗಿ ನಿಂತ ಐದು ಮಹಡಿಯನ್ನೂ ಒಂದೇ ಹೆಸರಿನಲ್ಲಿ ಕರೆಯುವುದನ್ನು ಅದು ಸ್ವಲ್ಪವಾದರೂ ನಿಲ್ಲಿಸಿತು.

ಕೈರೋದಲ್ಲಿ ನೀವು ಯಾವ ದರ್ಜೆಯ ಬಡಾವಣೆಯಲ್ಲಿದ್ದೀರಿ ಅಂತ ತಿಳಿಯಲು ಸಮಿತಿ ಬೇಕಾಗಿಲ್ಲ. ಆಟೋ ಓಡುತ್ತಿದೆಯಾ ನೋಡಿ. ಅಲ್ಲಿನವರು ‘ತೋಕ್ತೋಕ್’ ಅನ್ನುವ ಗಾಡಿ ಬೇರೇನಲ್ಲ, ನಮ್ಮ ಬಜಾಜ್ ಆಟೋ. ಬಿಡಿಭಾಗ ಭಾರತದಿಂದ ಹೋಗಿ ಅಲ್ಲಿ ಜೋಡಣೆಯಾಗುತ್ತಿತ್ತು. ಮೂರು ಮೀಟರಿನ ಓಣಿಗೆ ಕಾರು ಹೋಗುವುದಿಲ್ಲ, ಬಸ್ಸಂತೂ ಬರುವುದೇ ಇಲ್ಲ. ಆಟೋ ಹೋಗುತ್ತದೆ. ಹಾಗಾಗಿ ಇಂಬಾಬ, ಅರ್ದ್ ಎಲ್-ಲಿವಾದ ಉಸಿರೇ ಅದು. ಜಮಾಲೆಕ್, ಮಾದಿಯ ದೊಡ್ಡ ರಸ್ತೆಗೆ ಬಂದರೆ ಪೊಲೀಸರು ಹಿಡಿಯುತ್ತಾರೆ. 2021ರ ನವೆಂಬರ್‌ನಲ್ಲಿ ಬಿಡಿಭಾಗಗಳ ಆಮದನ್ನೇ ಸರ್ಕಾರ ನಿಲ್ಲಿಸಿತು. ಓಣಿಗಳು ಮಾತ್ರ ಅಗಲವಾಗಲಿಲ್ಲ.

ಅರ್ದ್ ಎಲ್-ಲಿವಾ ಅಂದೆನಲ್ಲ, ಅದರ ಒಂದು ಸಂಗತಿ ಹೇಳಲೇಬೇಕು. ಊರ ಸುತ್ತ ಸುಮಾರು 100 ಕಿಲೋಮೀಟರಿನ ರಿಂಗ್ ರೋಡ್ ಇದೆ. ಅದು ಅರ್ದ್ ಎಲ್-ಲಿವಾ, ಪಕ್ಕದ ಅಲ್-ಮುಅತಮದಿಯ್ಯಾ ಹಳ್ಳಿಗಳ ನೆತ್ತಿಯ ಮೇಲೇ ಹೋಗುತ್ತದೆ. ಆದರೆ ಹತ್ತಲು ಇಳಿಯಲು ದಾರಿ ಕೊಟ್ಟಿರಲಿಲ್ಲ. ಮನೆ ಮುಂದೆ ಹೈವೇ, ಏರಬೇಕಾದರೆ ಎಲ್ಲೋ ಸುತ್ತಿ ಬರಬೇಕು. 2011ರ ಜನವರಿಯ ದಂಗೆಯ ನಂತರ ಪೊಲೀಸರು ಮರೆಯಾದರು. ಜನ ತಾವೇ ಚಂದಾ ಎತ್ತಿದರು. ಮಣ್ಣು ತಂದು ಸುರಿದು, ದಮ್ಮಸ್ಸು ಮಾಡಿ, ಹತ್ತುವುದಕ್ಕೆ ಇಳಿಯುವುದಕ್ಕೆ ರ‍್ಯಾಂಪ್ ಕಟ್ಟಿಕೊಂಡರು. ಅಶ್ವಾಇಯ್ಯಾತ್ ಜನ ತಾವೇ ಪ್ಲಾನ್ ಮಾಡಿ ಸರ್ಕಾರಿ ರಸ್ತೆಗೆ ಕೂಡಿಕೊಂಡರು.

ಈಗ ಮೂರನೇ ಬಗೆಯ ಕೈರೋಗೆ ಬರೋಣ. 1970ರ ದಶಕದಲ್ಲೇ ಸರ್ಕಾರ ಒಂದು ತೀರ್ಮಾನಕ್ಕೆ ಬಂದಿತ್ತು: ಹೊಲ ಉಳಿಯಬೇಕಾದರೆ ಜನರನ್ನು ಮರುಭೂಮಿಗೆ ಕಳಿಸಬೇಕು. ಯೋಚನೆ ತಪ್ಪಲ್ಲ. ದೇಶದ ಬಹುತೇಕ ಎಲ್ಲರೂ ನೈಲ್ ದಂಡೆಯ ಸಣ್ಣ ಪಟ್ಟಿಯಲ್ಲೇ ಇದ್ದಾರೆ, ಉಳಿದಿದ್ದೆಲ್ಲ ಮರಳು. 1977ರಲ್ಲಿ ‘ರಂಜಾನ್ ಹತ್ತು’ ಅನ್ನುವ ಹೊಸ ಊರು, 1979ರಲ್ಲಿ ‘ಅಕ್ಟೋಬರ್ ಆರು’. ಎರಡೂ ಒಂದೇ ದಿನದ ಹೆಸರು. 1973ರಲ್ಲಿ ಸುಯೆಜ್ ಕಾಲುವೆ ದಾಟಿ ಯುದ್ಧ ಶುರು ಮಾಡಿದ ದಿನಕ್ಕೆ ಒಂದು ಕ್ಯಾಲೆಂಡರಿನಲ್ಲಿ ಅದು, ಇನ್ನೊಂದರಲ್ಲಿ ಇದು. ಆಮೇಲೆ ಶೇಖ್ ಜಾಯೆದ್ ಅನ್ನುವ ಊರು, 2000ದಲ್ಲಿ ನ್ಯೂ ಕೈರೋ. 2008ರಲ್ಲಿ ಅಮೆರಿಕನ್ ಯೂನಿವರ್ಸಿಟಿ ತಹ್ರೀರ್ ಚೌಕದ ಪಕ್ಕದಿಂದ ಗಂಟುಮೂಟೆ ಕಟ್ಟಿಕೊಂಡು ನ್ಯೂ ಕೈರೋಗೆ ಹೋಯಿತು.

ಕಾರ್ಮಿಕರಿಗೆ ಅಂತ ಶುರುವಾದ ಊರುಗಳು ನಿಧಾನಕ್ಕೆ ಕಾರಿದ್ದವರ ಊರಾದವು. ಅಲ್ಲಿನ ಲೇಔಟಿಗೆ ‘ಕೊಂಪೌಂಡ್’ ಅನ್ನುತ್ತಾರೆ. ನಮಗೆ ಕಾಂಪೌಂಡ್ ಅಂದರೆ ಮನೆ ಸುತ್ತಲಿನ ಗೋಡೆ. ಅವರಿಗೆ ಗೋಡೆಯ ಒಳಗಿರುವ ಇಡೀ ಬಡಾವಣೆ. ಗೋಡೆಯೇ ಮುಖ್ಯ ಅನ್ನುವುದರಲ್ಲಿ ಎರಡೂ ಭಾಷೆ ಒಂದಾಗಿವೆ ಬಿಡಿ. ಜಾಹೀರಾತು ಫಲಕಗಳನ್ನು ಮಾತ್ರ ಹಾಕುವುದು ಇದೇ ಕೆಂಪು ಇಟ್ಟಿಗೆಯ ಮನೆಗಳ ಎದುರು, ರಿಂಗ್ ರೋಡಿನ ಇಕ್ಕೆಲದಲ್ಲಿ. ಹುಲ್ಲುಹಾಸು, ಕೊಳ, ಗಾಲ್ಫ್. ನೀರು ಬರಬೇಕಾದ್ದು ನೈಲ್‌ನಿಂದಲೇ, ಮೇಲಕ್ಕೆ ಪಂಪ್ ಮಾಡಿ.

ಅಲ್ಲಿ ಮನೆ ಕೊಂಡವರೆಲ್ಲ ಅಲ್ಲಿಗೆ ಹೋದರಾ? ಇಲ್ಲ. 2017ರ ಜನಗಣತಿಯಲ್ಲಿ ದೇಶದಲ್ಲಿ ಖಾಲಿ ಇರುವ ಅಥವಾ ಬೀಗ ಹಾಕಿದ ಮನೆಗಳ ಸಂಖ್ಯೆ 1 ಕೋಟಿ ದಾಟಿತ್ತು. ಒಂದು ಕಡೆ ಮನೆ ಸಿಗದೆ ಹೊಲದಲ್ಲಿ ಕಟ್ಟುತ್ತಿದ್ದಾರೆ, ಇನ್ನೊಂದು ಕಡೆ 1 ಕೋಟಿ ಮನೆಗೆ ಬೀಗ. ವಿಚಿತ್ರ ಅಲ್ವಾ? ಆ ಹಳೇ ಚೀಟಿ ಇಲ್ಲೂ ಬರುತ್ತದೆ. ಒಂದು ಸಲ ಬಾಡಿಗೆಗೆ ಕೊಟ್ಟರೆ ಮೂರು ತಲೆಮಾರು ವಾಪಸ್ ಸಿಗುವುದಿಲ್ಲ ಅನ್ನುವ ಪಾಠವನ್ನು ಆ ಊರಿನ ಮನೆಯೊಡೆಯರು ಕಲಿತಿದ್ದರು. 1996ರಲ್ಲಿ ಹೊಸ ಕರಾರುಗಳನ್ನು ಹಳೇ ನಿಯಮದಿಂದ ಬಿಡುಗಡೆ ಮಾಡಿದರು. ಹೊಸ ಬಾಡಿಗೆ ಎಷ್ಟು, ಎಷ್ಟು ವರ್ಷ ಅನ್ನುವುದು ಇಬ್ಬರ ಮಾತಿಗೆ ಬಿಟ್ಟಿದ್ದು. ಆದರೂ ಬಹಳ ಮಂದಿಗೆ ಧೈರ್ಯ ಬರಲಿಲ್ಲ. ಮಗನಿಗಿರಲಿ ಅಂತ ಬೀಗ ಹಾಕಿಟ್ಟರು.

ಎರಡನೇ ಕಾರಣ ಪೌಂಡು. 2016ರ ನವೆಂಬರ್‌ನಲ್ಲಿ ಅದರ ಬೆಲೆ ಒಂದೇ ಏಟಿಗೆ ಅರ್ಧಕ್ಕಿಳಿಯಿತು. 2022ರಿಂದ 2024ರೊಳಗೆ ಮತ್ತೆ ಮತ್ತೆ ಬಿತ್ತು. ಬ್ಯಾಂಕಿನಲ್ಲಿಟ್ಟ ದುಡ್ಡು ಕರಗುವ ದೇಶದಲ್ಲಿ ಜನ ಚಿನ್ನ ಕೊಳ್ಳುತ್ತಾರೆ, ಇಲ್ಲವೇ ಫ್ಲಾಟ್ ಕೊಳ್ಳುತ್ತಾರೆ. ಹಾಗೆ ಕೊಂಡ ಫ್ಲಾಟಿಗೆ ಯಾರೂ ಬಂದು ಇರಬೇಕಾಗಿಲ್ಲ. ಮೂರನೆಯದು ದೂರ. ಬೂಲಾಕ್‌ನಲ್ಲಿ ಇಸ್ತ್ರಿ ಅಂಗಡಿ ಇಟ್ಟವನು, ಮೊಹಂದಿಸೀನ್‌ನಲ್ಲಿ ಮನೆಗೆಲಸಕ್ಕೆ ಹೋಗುವವಳು 30 ಕಿಲೋಮೀಟರ್ ಆಚೆ ಇದ್ದು ಏನು ಮಾಡಬೇಕು? ಇಂಬಾಬದಿಂದ ನಡೆದೇ ಕೆಲಸಕ್ಕೆ ಹೋಗಬಹುದು. ‘ಅಕ್ಟೋಬರ್ ಆರು’ ಊರಿನಿಂದ ಮೈಕ್ರೋಬಸ್ ಹಿಡಿದು ಹೋಗಿ ಬರುವುದರಲ್ಲಿ ದಿನದ ಗಳಿಕೆಯಲ್ಲಿ ಒಂದು ಪಾಲು ಹೋಗುತ್ತದೆ.

ಇದೆಲ್ಲ ಗೊತ್ತಿದ್ದೂ 2015ರಲ್ಲಿ ಇನ್ನೂ ದೊಡ್ಡ ಊರು ಘೋಷಣೆಯಾಯಿತು. ಹೊಸ ಆಡಳಿತ ರಾಜಧಾನಿ, ಕೈರೋದಿಂದ ಪೂರ್ವಕ್ಕೆ ಸುಮಾರು 45 ಕಿಲೋಮೀಟರ್. ಆಫ್ರಿಕಾದ ಅತಿ ಎತ್ತರದ ಕಟ್ಟಡ ಅಲ್ಲಿದೆ, 390 ಮೀಟರಿಗೂ ಜಾಸ್ತಿ. ಕಟ್ಟಿದ್ದು ಚೀನಾದ ಕಂಪನಿ. 2023ರಲ್ಲಿ ಮಂತ್ರಾಲಯಗಳು ಅಲ್ಲಿಗೆ ಹೋದವು. ನೌಕರರಲ್ಲಿ ಬಹಳ ಮಂದಿ ಇನ್ನೂ ಹಳೇ ಊರಿನಿಂದಲೇ ಹೋಗಿ ಬರುತ್ತಾರೆ. ಅವರಿಗೆ ಅಂತ ರೈಲು, ಬಸ್ಸು, ಹೊಸ ರಸ್ತೆ. ಆ ರಸ್ತೆಗಳ ಬಿಸಿ ತಟ್ಟಿದ್ದು ಹೆಲಿಯೊಪೊಲಿಸ್‌ಗೆ. ಟ್ರಾಮ್‌ನಿಂದಲೇ ಹುಟ್ಟಿದ ಬಡಾವಣೆ ಅದು. ಟ್ರಾಮ್ ಹಳಿ ಕಿತ್ತರು. 2019, 2020ರಲ್ಲಿ ಮರ ಕಡಿದು, ರಸ್ತೆ ಅಗಲ ಮಾಡಿ, ಒಂದರ ಹಿಂದೆ ಒಂದು ಫ್ಲೈಓವರ್ ಎತ್ತಿದರು. ಸಂಜೆ ಹೊತ್ತು ವಾಕಿಂಗ್ ಹೋಗುತ್ತಿದ್ದ ಬೀದಿ ದಾಟಲು ವಯಸ್ಸಾದವರು ಹೆದರುವ ಹಾಗಾಯಿತು. ಇಲ್ಲಿನವರು ಬಡವರಲ್ಲ, ವಿದ್ಯಾವಂತರು, ಕೂಗು ಹಾಕಿದರು. ಏನೂ ಪ್ರಯೋಜನ ಆಗಲಿಲ್ಲ. ಗಿಜಾದಲ್ಲಿ ಇನ್ನೊಂದು ಫ್ಲೈಓವರ್ ಜನರ ಬಾಲ್ಕನಿಯಿಂದ ಒಂದು ಮೊಳ ದೂರದಲ್ಲಿ ಹಾದುಹೋಗುವ ಫೋಟೋ 2020ರಲ್ಲಿ ಎಲ್ಲರ ಮೊಬೈಲಿನಲ್ಲೂ ಓಡಾಡಿತು.

ನದಿ ದಂಡೆಯ ಬಡವರ ಜಾಗಗಳದ್ದು ಇನ್ನೊಂದು ಕಥೆ. ಜಮಾಲೆಕ್ ಒಂದು ದ್ವೀಪದ ಮೇಲಿದೆ. ಎದುರು ದಡದಲ್ಲಿ ಬೂಲಾಕ್ ಅಬುಲ್ ಎಲಾ, ಹಳೇ ಬಂದರು, ಮುದ್ರಣಾಲಯ, ಗುಜರಿ ಅಂಗಡಿಗಳ ಏರಿಯಾ. ಅದರ ಒಂದು ಮೂಲೆಗೆ ಮಾಸ್ಪೆರೋ ತ್ರಿಕೋನ ಅನ್ನುತ್ತಿದ್ದರು. 2018ರಲ್ಲಿ ಅದನ್ನು ನೆಲಸಮ ಮಾಡಿದರು. ಪರಿಹಾರ ತಗೊಳ್ಳಿ, ಇಲ್ಲವೇ ಮುಕತ್ತಮ್ ಬೆಟ್ಟದ ಮೇಲಿನ ಅಸ್ಮರಾತ್ ಅಪಾರ್ಟ್‌ಮೆಂಟಿಗೆ ಹೋಗಿ, ಇಲ್ಲವೇ ಕಟ್ಟಿದ ಮೇಲೆ ವಾಪಸ್ ಬನ್ನಿ ಅಂತ ಮೂರು ದಾರಿ ಕೊಟ್ಟರು. 2022ರ ಬೇಸಿಗೆಯಲ್ಲಿ ನೈಲ್ ಮೇಲಿದ್ದ ಸುಮಾರು 30 ದೋಣಿಮನೆಗಳನ್ನು ಎಳೆದುಕೊಂಡು ಹೋದರು.

ಈಗ ಮತ್ತೆ ಸಮಿತಿಯ ಮುಂದೆ ಕೂರೋಣ. ಬೂಲಾಕ್‌ಗೆ ಯಾವ ದರ್ಜೆ ಕೊಡುತ್ತೀರಿ? ದಂಡೆಯ ಮೇಲೆ ನೈಲ್ ಸಿಟಿ ಟವರ್ಸ್, ಪಂಚತಾರಾ ಹೋಟೆಲ್. ಅದರ ಬೆನ್ನಿಗೇ ರಮ್ಲತ್ ಬೂಲಾಕ್, ಒಂದೊಂದು ಕೋಣೆಯ ಮನೆಗಳು. ಮೊಹಂದಿಸೀನ್ ವಿಶೇಷ ದರ್ಜೆ ಅನ್ನುತ್ತೀರಾ? ಸರಿ. ಅದರ ನಟ್ಟನಡುವೆ ಮೀತ್ ಉಕ್ಬಾ ಅನ್ನುವ ಹಳೇ ಹಳ್ಳಿ ಇನ್ನೂ ಇದೆ, ಓಣಿ ಸಮೇತ. (ಜಮಾಲೆಕ್ ಫುಟ್‌ಬಾಲ್ ಕ್ಲಬ್ ಇರುವುದೂ ಮೀತ್ ಉಕ್ಬಾದಲ್ಲೇ, ಜಮಾಲೆಕ್‌ನಲ್ಲಿ ಅಲ್ಲ. ಅದರ ಬದ್ಧ ವೈರಿ ಅಲ್ ಅಹ್ಲಿ ಇರುವುದು ಜಮಾಲೆಕ್ ದ್ವೀಪದಲ್ಲಿ. ಕೈರೋದಲ್ಲಿ ಹೆಸರು ನಂಬಿ ವಿಳಾಸ ಹುಡುಕಬಾರದು.) ಜಾಗ ಎಲ್ಲಿದೆ, ಕಟ್ಟಡ ಹೇಗಿದೆ, ನೀರು, ಕರೆಂಟು, ರಸ್ತೆ ಹೇಗಿವೆ, ಇದನ್ನೆಲ್ಲ ನೋಡಿ ದರ್ಜೆ ಕೊಡಿ ಅಂತ ಕಾಯಿದೆ ಹೇಳುತ್ತದೆ. ಮನೆಯೊಳಗೆ ಯಾರಿದ್ದಾರೆ, ಅವರ ಪಿಂಚಣಿ ಎಷ್ಟು ಅಂತ ಕೇಳುವ ಜಾಗ ಆ ಪಟ್ಟಿಯಲ್ಲಿ ಇಲ್ಲ. ಜಮಾಲೆಕ್‌ನ ಅಜ್ಜಿ ವಿಶೇಷ ದರ್ಜೆ ಆಗುತ್ತಾರೆ, ಅವರ ಪಿಂಚಣಿ ಆಗುವುದಿಲ್ಲ.

ಓನರುಗಳ ಕಡೆಯಿಂದ ನೋಡಿದರೆ ಇದು ಬಹಳ ತಡವಾಗಿ ಬಂದ ನ್ಯಾಯ. ಅದನ್ನೂ ಒಪ್ಪುತ್ತೇನೆ. ಅವರಲ್ಲೂ ವಿಧವೆಯರು, ಪಾಲು ಹಂಚಿ ಹಂಚಿ ಏನೂ ಉಳಿಯದವರು ಇದ್ದಾರೆ. ಎಲ್ಲೋ ಫ್ಲಾಟ್ ಕೊಂಡಿಟ್ಟು ಹಳೇ ಬಾಡಿಗೆ ಮನೆಗೆ ಬೀಗ ಹಾಕಿದವರೂ ಕಮ್ಮಿ ಇಲ್ಲ. ಅಂಥವರನ್ನು 7 ವರ್ಷ ಕಾಯದೆಯೇ ಬಿಡಿಸಬಹುದು ಅಂತ ಕಾಯಿದೆಯಲ್ಲಿದೆ. ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿ ಇಡುವುದು ಸಂವಿಧಾನಕ್ಕೆ ವಿರುದ್ಧ ಅಂತ 2024ರ ನವೆಂಬರ್‌ನಲ್ಲೇ ಅಲ್ಲಿನ ಸಾಂವಿಧಾನಿಕ ಕೋರ್ಟ್ ಹೇಳಿತ್ತು. ಸಂಸತ್ತು ಏನಾದರೂ ಮಾಡಲೇಬೇಕಿತ್ತು.

ನನ್ನ ಅನುಮಾನ ಇರುವುದು ಮುಂದಿನ ಲೆಕ್ಕದ ಬಗ್ಗೆ. 2032ರಲ್ಲಿ ಖಾಲಿ ಮಾಡಬೇಕಾದವರಿಗೆ ಬದಲಿ ಮನೆ ಕೊಡುವಾಗ ಆದ್ಯತೆ ಇದೆ ಅನ್ನುತ್ತದೆ ಸರ್ಕಾರ. ಸರ್ಕಾರದ ಹತ್ತಿರ ಇರುವ ಜಾಗ ಹೆಚ್ಚಿನದೆಲ್ಲ ಮರುಭೂಮಿಯಲ್ಲಿದೆ. 70 ದಾಟಿದವರು ತಮ್ಮ ಔಷಧಿ ಅಂಗಡಿ, ಮಸೀದಿ ಅಥವಾ ಚರ್ಚು, ಪಕ್ಕದ ಮನೆಯವರು, ಎಲ್ಲ ಬಿಟ್ಟು ಮರಳಿನ ಊರಿಗೆ ಹೋಗುತ್ತಾರಾ? ಕೆಲವರು ಹೋಗಬಹುದು. ಒಳ ಊರಿನಲ್ಲೇ ಇರಬೇಕು, ಕಿಸೆಗೂ ಹೊರೆಯಾಗಬಾರದು ಅನ್ನುವವರಿಗೆ ಉಳಿದಿರುವುದು ಒಂದೇ ಕಡೆ. ಜಮಾಲೆಕ್‌ನಿಂದ ಪಶ್ಚಿಮದ ಸೇತುವೆ ದಾಟಿದರೆ ಇಂಬಾಬ. ಮೊಹಂದಿಸೀನ್‌ನಿಂದ ರೈಲು ಹಳಿ ದಾಟಿದರೆ ಅರ್ದ್ ಎಲ್-ಲಿವಾ. ಅಲ್ಲಿ ಹೊಸ ಕರಾರಿನ ಮನೆ ಇವತ್ತೂ ಸಿಗುತ್ತದೆ. ಮೇಲೆ ಇನ್ನೊಂದು ಮಹಡಿ ಏರಿಸಲು ಕಂಬಿಯೂ ಬಿಟ್ಟಿದ್ದಾರೆ.